ಆಸ್ಪತ್ರೆ ಮುಯ್ಯಿ

ವಿಮಾ ಕಂಪನಿಯೊಂದು ಲಿಂಗರಾಜಪುರದ ದೊಡ್ಡಮುನಿಯಪ್ಪನವರನ್ನು ಎದುರು ಹಾಕಿಕೊಂಡದ್ದು ತೀರಾ ಸಣ್ಣ ವಿಷಯಕ್ಕೆ. ಅವರ ಹೆಂಡತಿ ಆಂಜನಮ್ಮನ ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿ ಬಿಲ್ಲು ಕಳಿಸಿದರೆ, ಪಾಲಿಸಿ ಮಾಡಿಸಿ ಒಂದೇ ವರ್ಷವಾಗಿದೆ, ಪೊರೆಗೆ ಎರಡು ವರ್ಷ ಕಾಯಬೇಕು, ಆದ್ದರಿಂದ ಹಣ ಕೊಡಲಾಗದು ಎಂದು ಮೊಬೈಲಿಗೆ ಉತ್ತರ ಬಂತು.

"ಕಾಯ್ಬೇಕಂತೆ! ಕಣ್ಣಿಗೆ ಹೋಗಿ ಹೇಳ್ಲಾ ನಾನು, ಇನ್ನೊಂದು ವರ್ಷ ತಡ್ಕೊಳಮ್ಮಾ, ಕಂಪ್ನಿಯೋರು ಒಪ್ತಿಲ್ಲ ಅಂತ?" ಎಂದು ಅವರು ಗೇಟಿನ ಹತ್ತಿರ ನಿಂತು ಕೂಗಿದರು. ಬೀದಿಯಲ್ಲಿ ಅದನ್ನು ಕೇಳಿಸಿಕೊಳ್ಳದವರು ಯಾರೂ ಉಳಿಯಲಿಲ್ಲ.

ದೊಡ್ಡಮುನಿಯಪ್ಪನವರು ಹಾಗೆಲ್ಲ ಸುಮ್ಮನೆ ಬಿಡುವ ಆಸಾಮಿಯಲ್ಲ. ಅವರ ಅಪ್ಪ ಕೊತ್ತಂಬರಿ, ದಂಟು ಬೆಳೆಯುತ್ತಿದ್ದ ಮಡಿಗಳ ಮೇಲೆ ಈಗ ಅವರದೇ ಮೂರು ಮಹಡಿಯ ಕಟ್ಟಡ ನಿಂತಿತ್ತು. ನಾಲ್ಕನೆಯ ಮಹಡಿ ಮನೆಯಲ್ಲಿದ್ದ ಹಣವನ್ನೆಲ್ಲ ನುಂಗಿ, ಇನ್ನೂ ಸಾಲದೆಂದು ಕಂಬಿ ಚಾಚಿಕೊಂಡಿತ್ತು. ಇಂಥ ಮನುಷ್ಯನಿಗೆ ನ್ಯಾಯ ಬೇಕಾದರೆ ದೂರ ಹೋಗಬೇಕಾಗಿಲ್ಲ. ಎರಡನೇ ಮಹಡಿಯ ಬಾಡಿಗೆದಾರ ಮಧುಕರ್ ಇಂದಿರಾನಗರದ ಆಫೀಸೊಂದರಲ್ಲಿ ಆರೋಗ್ಯ ವಿಮೆಯ ಯೋಜನೆಗಳನ್ನು ರೂಪಿಸಿ, ಅವಕ್ಕೆ ದರ ಕಟ್ಟುವ ಕೆಲಸದಲ್ಲಿದ್ದ. ದೊಡ್ಡಮುನಿಯಪ್ಪನವರು ಅವನನ್ನು ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೇ ಹಿಡಿದರು.

"ಈ ಕಾಯೋ ರೂಲ್ಸು ಮಾಡಿದ್ದು ನೀವೇ ಏನ್ರಿ?"

"ನಮ್ಮ ಕಂಪ್ನಿ ಅಲ್ಲ ಸಾರ್ ಅದು. ಆದ್ರೆ ಎಲ್ಲಾ ಕಡೆ ಇರುತ್ತೆ. ಕಾಯಿಲೆ ಬಂದ್ಮೇಲೆ ಓಡ್ಬಂದು ಪಾಲಿಸಿ ತಗೊಂಡ್ಬಿಟ್ರೆ ಕಂಪ್ನಿ ಮುಳುಗಿಹೋಗುತ್ತಲ್ಲ? ನೂರು ಜನ ಸ್ವಲ್ಪ ಸ್ವಲ್ಪ ಹಾಕ್ತಾರೆ, ಅದ್ರಲ್ಲಿ ನಾಲ್ಕು ಜನಕ್ಕೆ ಬೇಕಾಗುತ್ತೆ. ಯಾರಿಗೆ ಬೇಕಾಗಬಹುದು ಅಂತ ಅಂದಾಜು ಮಾಡಿ ರೇಟ್ ಇಡ್ತೀವಿ."

"ಎಲ್ರೂ ಹಾಕೋದು, ಬೇಕಾದೋರಿಗೆ ಕೊಡೋದು. ಅಷ್ಟೇ ತಾನೆ?"

"ಅಷ್ಟೇ ಸಾರ್."

"ಅಯ್ಯೋ ಶಿವನೆ, ಇದು ಮುಯ್ಯಿ ಕಣ್ರೀ! ನಮ್ಮ ತಾತನ ಕಾಲದಿಂದ ಮಾಡ್ಕೊಂಡು ಬಂದಿದೀವಿ. ಮದುವೆ ಮನೇಲಿ ಎಲ್ರೂ ಕಾಸು ಕೊಟ್ಟು ಹೆಸರು ಓದಿಸ್ತಾರೆ. ನಾಳೆ ಅವರ ಮನೇಲಿ ಮದುವೆ ಆದ್ರೆ ನಾವು ಹೋಗಿ ಓದಿಸ್ತೀವಿ. ಅದನ್ನೇ ಕದ್ದು, ಕೋಟು ಹಾಕಿ, ಎಸಿ ರೂಮಲ್ಲಿ ಕೂರಿಸಿದೀರಿ!"

ಇದಕ್ಕೆ ಲೈಸೆನ್ಸ್ ಬೇಕಾಗುತ್ತದೆ, ಕಾನೂನು ಕಟ್ಟಳೆ ಬಹಳವಿದೆ ಎಂದು ಮಧುಕರ್ ಮೆತ್ತಗೆ ಹೇಳಿದ. "ಮುಯ್ಯಿ ಓದಿಸೋಕೆ ಯಾವನ್ರೀ ಲೈಸೆನ್ಸ್ ತಗೊಂಡಿದಾನೆ?" ಎಂದು ದೊಡ್ಡಮುನಿಯಪ್ಪನವರು ಕೇಳಿದ ಮೇಲೆ, ಬಾಡಿಗೆ ಮನೆಯಲ್ಲಿರುವವನು ಎಷ್ಟು ವಾದ ಮಾಡಬಹುದೋ ಅಷ್ಟು ಮುಗಿದಿತ್ತು. ಬೀದಿಗೊಂದು ಆಸ್ಪತ್ರೆ ಮುಯ್ಯಿ ಹುಟ್ಟಿತು.

ಸಂಕ್ರಾಂತಿಯ ದಿನ ಮುನೇಶ್ವರನ ಗುಡಿಯ ಮುಂದೆ ಸಭೆ ಸೇರಿತು. ಶಿವಾಜಿನಗರದಲ್ಲಿ ಶಾಮಿಯಾನದ ಅಂಗಡಿ ಇಟ್ಟಿದ್ದ ಅಸ್ಗರ್ ಕುರ್ಚಿ, ಮೇಜು, ಮೈಕು ತಂದ. ದೊಡ್ಡಮುನಿಯಪ್ಪನವರ ಮನೆಯ ಎಲ್ಲ ಮದುವೆ, ನಾಮಕರಣಕ್ಕೂ ಪೆಂಡಾಲು ಹಾಕಿದವನು ಅವನೇ. ಅದಕ್ಕೆ ಮುಂಚೆ ದೊಡ್ಡಮುನಿಯಪ್ಪನವರು ಮನೆಮನೆಗೂ ಹೋಗಿ ದರ ಕಟ್ಟಿ ಬಂದಿದ್ದರು. ಅವರ ವಿಧಾನ ಸರಳವಾಗಿತ್ತು: ಹೊಸ್ತಿಲಲ್ಲಿ ನಿಂತು ಮನೆಯವರನ್ನು ಅಡಿಯಿಂದ ಮುಡಿಯವರೆಗೆ ನೋಡುವುದು, ಒಂದು ಸಲ ಕೆಮ್ಮಲು ಹೇಳುವುದು, ಮೆಟ್ಟಿಲು ಹತ್ತಿಸಿ ಏದುಸಿರು ಕೇಳುವುದು. ಗಟ್ಟಿಮುಟ್ಟಾದವರಿಗೆ ಒಂದು ಪಾಲು, ಸಕ್ಕರೆ ಕಾಯಿಲೆಯವರಿಗೆ ಒಂದೂವರೆ ಪಾಲು.

"ನಿಮ್ಮ ಹರ್ನಿಯಾಗೆ ಎಷ್ಟು ಪಾಲು ಹಾಕ್ಕೊಂಡ್ರಿ?" ಎಂದು ಆಂಜನಮ್ಮ ಕೇಳಿದಳು.

"ಶ್! ಮೆತ್ತಗೆ! ಮುಯ್ಯಿ ಯಜಮಾನನಿಗೇ ಕಾಯಿಲೆ ಅಂತ ಗೊತ್ತಾದ್ರೆ ಯಾವನು ಕಾಸು ಹಾಕ್ತಾನೆ?" ಎಂದರು ದೊಡ್ಡಮುನಿಯಪ್ಪನವರು. ಆರು ವರ್ಷದಿಂದ ಅವರು ಕೆಮ್ಮು ಬಂದಾಗಲೆಲ್ಲ ಪಂಚೆಯ ಮೇಲೆ ಕೈ ಒತ್ತಿಕೊಂಡೇ ಕೆಮ್ಮುತ್ತಿದ್ದರು. ಆಪರೇಷನ್ ಎಂದರೆ ಅವರಿಗೆ ಪ್ರಾಣಭಯ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಗೊಣಗಿಕೊಂಡು ಆಂಜನಮ್ಮ ಎಳ್ಳು ಬೀರಲು ಹೋದಳು.

ಮುಯ್ಯಿ ಎಂದ ಮೇಲೆ ಮೈಕಿನಲ್ಲಿ ಕೂಗಲೇಬೇಕು. "ಎದುರುಮನೆ ಸಂಜೀವಪ್ಪನವರು, ಒಂದೂವರೆ ಪಾಲು!" ಎಂದು ದೊಡ್ಡಮುನಿಯಪ್ಪನವರು ಕೂಗಿದರು. "ಪಕ್ಕದ ಮನೆ ಹಂಸ ಅವರು, ಒಂದು ಪಾಲು!"

ಹಂಸ ಎದ್ದು ನಿಂತಳು. ದಿನಾ ಬೆಳಿಗ್ಗೆ ಮೂರು ಸುತ್ತು ಓಡಿ ಬರುವ, ಜೀವಮಾನದಲ್ಲಿ ಒಂದು ನೆಗಡಿಯನ್ನೂ ಕಾಣದ ಹೆಂಗಸು ಅವಳು.

"ಅದೇನ್ರೀ ಅವರಿಗೆ ಒಂದೂವರೆ, ನಮಗೆ ಒಂದು? ಬೀದೀಲಿ ನಾಲ್ಕು ಜನದ ಮುಂದೆ ಹಿಂಗಾ ಕೂಗೋದು? ನಮ್ಮ ಮನೇಲಿ ಏನು ಗತಿಯಿಲ್ವಾ?"

"ನಿಮಗೆ ಕಾಯಿಲೆ ಇಲ್ವಲ್ಲಮ್ಮ, ಅದಕ್ಕೆ ಕಮ್ಮಿ."

"ಇಲ್ದಿದ್ರೆ ಬರುತ್ತೆ! ನಮ್ಮದು ಎರಡು ಪಾಲು ಬರ್ಕೊಳ್ಳಿ!"

ಸಂಜೀವಪ್ಪನವರ ಹೆಂಡತಿ ಶಾಂತಕುಮಾರಿ ಇದನ್ನು ಕೇಳಿ ಸುಮ್ಮನಿರುವುದುಂಟೇ? ಇಪ್ಪತ್ತು ವರ್ಷದಿಂದ ಹಂಸನ ಮನೆಯ ಮದುವೆಗೆ ಒಂದು ಕೈ ಮೇಲಾಗಿಯೇ ಓದಿಸಿದ ಮನೆತನ ಅದು. "ನಮ್ಮ ಯಜಮಾನ್ರಿಗೆ ಶುಗರ್ ಜೊತೆಗೆ ಬಿಪೀನೂ ಇದೆ. ಎರಡೂವರೆ!" ಎಂದಳು. ಸಂಜೀವಪ್ಪನವರು ಬಿಪಿ ಇಲ್ಲವೆಂದು ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ, ಇದೆ ಎಂದು ತಲೆಯಾಡಿಸಿದರು. ಅಲ್ಲಿಂದ ಹರಾಜು ಹಿಡಿಯಿತು. ಕಲ್ಲಿನಂಥ ಗಂಡಸರಿಗೆಲ್ಲ ಅವರ ಹೆಂಡಂದಿರು ಮೈಕಿನಲ್ಲಿ ಕಾಯಿಲೆ ಹಂಚಿದರು.

"ರೇಟ್ ಜಾಸ್ತಿ ಮಾಡಿ ಅಂತ ಆರೋಗ್ಯವಾಗಿರೋರು ಜಗಳ ಆಡೋದು ನಾನು ಯಾವ ಪುಸ್ತಕದಲ್ಲೂ ಓದಿಲ್ಲ ಸಾರ್," ಎಂದ ಮಧುಕರ್, ಬೆಪ್ಪಾಗಿ.

ಕೊನೆಯಲ್ಲಿ ದೊಡ್ಡಮುನಿಯಪ್ಪನವರು ನಿಯಮ ಓದಿದರು. ಅದನ್ನು ಅವರು ಎಲ್ಲಿಂದ ತಂದರೆಂದು ಹೇಳಬೇಕಾಗಿಲ್ಲ. ಯುಗಾದಿಯವರೆಗೆ ಕಾಯುವ ಅವಧಿ. ಅಲ್ಲಿಯವರೆಗೆ ಯಾರೂ ಕಾಯಿಲೆ ಬೀಳುವಂತಿಲ್ಲ. ಅದಕ್ಕೆ ಮುಂಚೆ ಯಾವ ನೋವಿಗೇ ಆಗಲಿ ಡಾಕ್ಟರ ಹತ್ತಿರ ಹೋದರೆ, ಅದು ಹಳೇ ಕಾಯಿಲೆ. ಅದಕ್ಕೆ ಮುಯ್ಯಿ ಇಲ್ಲ.

ಹಿಂದಿನ ಸಾಲಿನಿಂದ ಪೀರಮ್ಮ ಕೈಯೆತ್ತಿದಳು. ಅವಳ ತಾಯಿ ದರ್ಗಾಕ್ಕೆ ಹರಕೆ ಹೊತ್ತು ಹೆತ್ತದ್ದರಿಂದ ಬಂದ ಹೆಸರು ಅದು. ಗಂಡ ತೀರಿಕೊಂಡ ಮೇಲೆ ದೊಡ್ಡಮುನಿಯಪ್ಪನವರ ಕಟ್ಟಡದ ಹಿಂದಿನ ಒಂಟಿ ಕೋಣೆಯಲ್ಲಿದ್ದುಕೊಂಡು, ಗೇಟಿನ ಮುಂದೆ ತಳ್ಳುಗಾಡಿಯಲ್ಲಿ ಇಡ್ಲಿ ಮಾರುತ್ತಿದ್ದಳು.

"ಸಾರ್, ಹೊಟ್ಟೆನೋವು ಇದ್ರೆ?"

"ಯುಗಾದಿ ಕಳೀಲಿ ಪೀರಮ್ಮ. ಅದುವರ್ಗೂ ಯಾವ ನೋವೂ ಲೆಕ್ಕಕ್ಕಿಲ್ಲ. ರೂಲ್ಸ್ ಅಂದ್ರೆ ರೂಲ್ಸು."

"ಸರಿ ಸಾರ್," ಎಂದು ಪೀರಮ್ಮ ಕೂತಳು.

ಮಾರನೆಯ ದಿನವೇ ಮಧುಕರ್ ಒಂದು ಭಯ ಹುಟ್ಟಿಸಿದ. "ಇಷ್ಟು ಕಲೆಕ್ಷನ್ ಆಗಿದೆ, ಸರಿ. ಆದ್ರೆ ಒಂದೇ ಒಂದು ದೊಡ್ಡ ಆಪರೇಷನ್ ಬಂತು ಅಂದ್ರೆ ನೀವು ಮುಳುಗಿದ್ರಿ ಸಾರ್. ಅದಕ್ಕೆ ನಾವು ಮರುವಿಮೆ ಮಾಡಿಸ್ತೀವಿ. ನಮ್ಮ ಭಾರಾನ ಇನ್ನೊಂದು ದೊಡ್ಡ ಕಂಪ್ನಿ ಹೊತ್ಕೊಳ್ಳುತ್ತೆ. ಬಂದ ಕಂತಲ್ಲಿ ಅವರಿಗೆ ಪಾಲು ಕೊಡ್ತೀವಿ."

"ಅವರು ಮುಳುಗಿದ್ರೆ?"

"ಅವರೂ ಇನ್ನೊಬ್ಬರಿಗೆ ದಾಟಿಸಿರ್ತಾರೆ."

"ಅವರು?"

"ಅವರೂ ದಾಟಿಸಿರ್ತಾರೆ."

"ಕೊನೇಗೆ ಯಾರ ತಲೆ ಮೇಲೆ ಬರುತ್ತೆ?"

ಮಧುಕರ್ ಬೀದಿಯ ಆಚೆ ಕಡೆಗೆ ಕೈ ತೋರಿಸಿದ. "ಎಲ್ಲೋ ದೂರದಲ್ಲಿ ಸಾರ್," ಎಂದ.

ದೂರ ಎಂದ ಕೂಡಲೇ ದೊಡ್ಡಮುನಿಯಪ್ಪನವರಿಗೆ ಕೆ.ಆರ್. ಪುರ ನೆನಪಾಯಿತು. ಅಲ್ಲಿ ಅವರ ಭಾಮೈದ, ಆಂಜನಮ್ಮನ ತಮ್ಮ ಕೆಂಪರಾಜ್ ಇದ್ದ. ನೀರಿನ ಟ್ಯಾಂಕರುಗಳ ಧಣಿ. ಕತ್ತಿನಲ್ಲಿ ಹಗ್ಗದಂಥ ಚೈನು, ಮಾತಿನಲ್ಲಿ ಅದಕ್ಕಿಂತ ಹೆಚ್ಚು ತೂಕ. "ನಿಮ್ಮ ಇಡೀ ಬೀದಿ ಕಾಯಿಲೇನ ನಾನೊಬ್ಬ ಹೊರ್ತೀನಿ ಭಾವ. ಇದೇನು ದೊಡ್ಡ ವಿಷ್ಯಾನಾ?" ಎಂದು ಮೀಸೆ ತೀಡಿ, ಮುಯ್ಯಿ ಹಣದ ಮುಕ್ಕಾಲನ್ನು ಎಣಿಸದೆಯೇ ಒಳಗಿಟ್ಟ. ದೊಡ್ಡಮುನಿಯಪ್ಪನವರು ಹಗುರಾಗಿ ಮನೆಗೆ ಬಂದರು. ಉಳಿದ ಕಾಲು ಭಾಗ ನಾಲ್ಕನೇ ಮಹಡಿಯ ಸಿಮೆಂಟಿಗೆ ಹೋಯಿತು. ಭಾರ ಹೊರುವವನು ಸಿಕ್ಕಿದ ಮೇಲೆ ಇಟ್ಟುಕೊಂಡು ಏನು ಮಾಡುವುದು?

ಹದಿನೈದು ದಿನ ಕಳೆದಿರಬೇಕು. ಆಂಜನಮ್ಮ ಹೊಸದೊಂದು ಸ್ಟೀಲ್ ಬಿಂದಿಗೆ ತಂದು ಅಡಿಗೆಮನೆಯಲ್ಲಿ ಇಟ್ಟಳು. ಬೀದಿಯ ಹೆಂಗಸರೆಲ್ಲ ಸೇರಿದ್ದ ಮಹಿಳಾ ಸಂಘಕ್ಕೆ ಅವಳೇ ಅಧ್ಯಕ್ಷೆ.

"ಸಂಘಕ್ಕೆ ಬಂತು ರೀ. ಯಾರೋ ದೂರದೋರಿಗೆ ಕಾಯಿಲೆ ಬಂದ್ರೆ ನಾವು ಜವಾಬ್ದಾರಿ ಅಂತ ಒಪ್ಕೊಂಡ್ವಿ. ಅದಕ್ಕೆ ಕೊಟ್ರು. ಅಸ್ಗರಣ್ಣನ ಹೆಂಡ್ತಿ ಸಾಬಿರಾ ಮುಖಾಂತರ."

ದೊಡ್ಡಮುನಿಯಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು; ಹರ್ನಿಯಾ ಇದ್ದುದರಿಂದ ಹಿಡಿದುಕೊಳ್ಳಲೇಬೇಕಿತ್ತು. "ಒಂದು ಬಿಂದಿಗೆಗೆ ಯಾರದೋ ಕಾಯಿಲೇನ ತಲೆ ಮೇಲೆ ಎಳ್ಕೊಂಡ್ರಾ! ಅದಕ್ಕೇ ಹೇಳೋದು, ವ್ಯವಹಾರಕ್ಕೆ ತಲೆ ಬೇಕು ಅಂತ," ಎಂದರು.

ಬೀದಿ ಕಾಯತೊಡಗಿತು. ಅಂಥ ಶಿಸ್ತನ್ನು ಆ ಬೀದಿ ಹಿಂದೆ ಕಂಡಿರಲಿಲ್ಲ. ಸೀನು ಬಂದವರು ಬಾಗಿಲು ಹಾಕಿಕೊಂಡು ಸೀನಿದರು. ಸಂಜೀವಪ್ಪನವರ ಹಲ್ಲು ಊದಿ ಕೆನ್ನೆ ಕಡುಬಿನಂತಾಯಿತು. "ಬಾಯಲ್ಲಿ ಅಡಿಕೆ ಇದೆ" ಎಂದು ಹೇಳಿಕೊಂಡು ಒಂದು ತಿಂಗಳು ಓಡಾಡಿದರು. ಕಮ್ಮನಹಳ್ಳಿ ಮೇನ್ ರೋಡಿನ ಕ್ಲಿನಿಕ್ಕಿನ ಡಾಕ್ಟರು ಈ ಕಡೆಯ ಜನಕ್ಕೆ ಏನಾಯಿತೆಂದು ವಿಚಾರಿಸಿ ಕಳಿಸಿದರು. ದೊಡ್ಡಮುನಿಯಪ್ಪನವರು ಸಂಜೆ ಹೊತ್ತು ಗೇಟಿನಲ್ಲಿ ನಿಂತು, ಒಬ್ಬರಿಗೂ ಕಾಯಿಲೆ ಬಾರದಂತೆ ಇಡೀ ಬೀದಿಯನ್ನು ಇಟ್ಟುಕೊಂಡಿದ್ದೇನೆಂಬ ಹೆಮ್ಮೆಯಲ್ಲಿ ಮೀಸೆಯ ಮೇಲೆ ಕೈ ಆಡಿಸುತ್ತಿದ್ದರು. ಪೀರಮ್ಮ ಮಾತ್ರ ಈಚೆಗೆ ನಿಂತುಕೊಂಡು ಇಡ್ಲಿ ಹಾಕುವುದನ್ನು ಬಿಟ್ಟು ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ವಯಸ್ಸಾಯಿತಲ್ಲ ಎಂದು ಅವರು ಅಂದುಕೊಂಡರು.

ಯುಗಾದಿ ಬಂತು. ದೊಡ್ಡಮುನಿಯಪ್ಪನವರು ಎಣ್ಣೆನೀರು ಹಾಕಿಕೊಂಡು, ಹೊಸ ಪಂಚೆ ಉಟ್ಟು, ಬಾಗಿಲಲ್ಲಿ ಬೇವುಬೆಲ್ಲ ಹಂಚುತ್ತಿದ್ದರು. ಪೀರಮ್ಮ ಗೋಡೆ ಹಿಡಿದುಕೊಂಡು ಬಂದಳು. ಕಣ್ಣಿನ ಬಿಳಿಯೆಲ್ಲ ಅರಿಶಿನ ಬಳಿದ ಹಾಗಿತ್ತು. ಬೇವುಬೆಲ್ಲವನ್ನು ಎರಡು ಕೈಯಲ್ಲಿ ಇಸಕೊಂಡು ಬಾಯಿಗೆ ಹಾಕಿಕೊಂಡಳು.

"ಸಾರ್, ಯುಗಾದಿ ಬಂತಲ್ಲ," ಎಂದಳು. "ಇನ್ಮೇಲೆ ನೋವು ಅಂತ ಹೇಳ್ಬೋದಾ?"

ಹೇಳಿದವಳೇ ಅವರ ಕಾಲ ಬಳಿ ಕುಸಿದಳು.

ಹಲಸೂರು ಕೆರೆಯ ಹತ್ತಿರದ ನರ್ಸಿಂಗ್ ಹೋಮಿಗೆ ಅವಳನ್ನು ಮಧುಕರ್ ತನ್ನ ಕಾರಿನಲ್ಲೇ ಕರೆದೊಯ್ದ; ದೊಡ್ಡಮುನಿಯಪ್ಪನವರೂ ಆಂಜನಮ್ಮನೂ ಜೊತೆಗೆ ಹತ್ತಿದರು. ಪಿತ್ತಕೋಶದಲ್ಲಿ ಕಲ್ಲು, ಕೀವು ತುಂಬಿ ಒಡೆಯುವ ಹಾಗಿದೆ ಎಂದರು ಡಾಕ್ಟರಮ್ಮ. ಆ ದಿನವೆಲ್ಲ ಡ್ರಿಪ್ ಹಾಕಿ, ಮಾರನೆಯ ಮಧ್ಯಾಹ್ನ ಆಪರೇಷನ್ನು.

"ಎರಡು ತಿಂಗಳ ಹಿಂದೆ ಬಂದಿದ್ರೆ ಹೊಟ್ಟೆ ಕುಯ್ಯದೆ ಮೂರು ಸಣ್ಣ ತೂತಲ್ಲಿ ಮುಗಿಯೋ ಕೆಲಸ. ಯಾಕಮ್ಮ ಇಷ್ಟು ದಿನ ಸುಮ್ನೆ ಇದ್ರಿ?"

"ಯುಗಾದಿ ಆಗಿರ್ಲಿಲ್ವಲ್ಲ ಮೇಡಂ," ಎಂದಳು ಪೀರಮ್ಮ.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ದೊಡ್ಡಮುನಿಯಪ್ಪನವರಿಗೆ ಅರ್ಥವಾಯಿತು. ಅವರು ಗೋಡೆಯ ಮೇಲಿದ್ದ ಗಡಿಯಾರವನ್ನೇ ನೋಡಿದರು. ಕಣ್ಣಿನ ಪೊರೆ ಒಂದು ವರ್ಷ ಕಾಯಬಹುದಿತ್ತು. ಈ ಹೆಂಗಸು ತಮ್ಮ ಮಾತನ್ನು ನಂಬಿ, ಅಷ್ಟು ದಿನ ನೋವು ನುಂಗಿಕೊಂಡು ತಮಗೇ ಇಡ್ಲಿ ಬಡಿಸಿದ್ದಳು. ಮಾರನೆಯ ಮಧ್ಯಾಹ್ನದೊಳಗೆ ಕೌಂಟರಿನಲ್ಲಿ ಹಣ ಕಟ್ಟಬೇಕಿತ್ತು. ಅವರ ಹಣವೆಲ್ಲ ಮೇಲೆ ಕಾಂಕ್ರೀಟಾಗಿ ನಿಂತಿತ್ತು.

ಆದರೇನು, ಕೆಂಪರಾಜ್ ಇದ್ದಾನಲ್ಲ! ಯುಗಾದಿಯ ಮಾರನೆಯ ದಿನ ಹೊಸತೊಡಕು. ಊರಿಗೆ ಊರೇ ಬಾಡಿನ ಹಿಂದೆ ಬಿದ್ದಿರುವ ಹೊತ್ತು. ಬೆಳ್ಳಂಬೆಳಿಗ್ಗೆ ಫೋನು ಎತ್ತಿದ ಕೆಂಪರಾಜ್, "ಭಾವ, ಬಾಡು ಗುಡ್ಡೆ ಹಾಕ್ತಾ ಅವ್ರೆ, ನನ್ನ ಪಾಲು ಇನ್ನೂ ಬಂದಿಲ್ಲ," ಎಂದ. ಆಮೇಲೆ ವಿಷಯ ಕೇಳಿ, ಬಂದೆ ಎಂದು ಫೋನಿಟ್ಟ. ಒಂದು ಗಂಟೆಯಲ್ಲಿ ಕೈಯಲ್ಲಿ ಮಾಂಸದ ಚೀಲ ಹಿಡಿದು ಬಂದ. ಚೀಲ ಒಳಗೆ ಬಿಡುವುದಿಲ್ಲ ಎಂದ ಸೆಕ್ಯೂರಿಟಿ. ಚೀಲ ಬಿಟ್ಟು ತಾನು ಬರುವುದಿಲ್ಲ ಎಂದ ಕೆಂಪರಾಜ್. ಹೀಗಾಗಿ ಮಾತುಕತೆ ಗೇಟಿನ ಹೊರಗೆ, ಫುಟ್‌ಪಾತಿನ ಹೊಂಗೆಮರದ ಕೆಳಗೆ ನಡೆಯಿತು.

"ಭಾವ, ನಾನು ಅಷ್ಟೂ ಭಾರ ಒಬ್ನೇ ಇಟ್ಕೊಳ್ಳೋ ಮುಟ್ಠಾಳನಾ? ನೀವೇ ಹೇಳಿದ್ರಲ್ಲ, ಎಲ್ರೂ ದಾಟಿಸ್ತಾರೆ ಅಂತ. ಅರ್ಧ ನಾನಿಟ್ಕೊಂಡು ಇನ್ನರ್ಧ ಕೊಟ್ಟು ಅಸ್ಗರ್‌ಗೆ ದಾಟಿಸ್ದೆ. ಭಾರ ಈಗ ಪೂರ್ತಿ ಅವನದು."

ಅಸ್ಗರನಿಗೆ ಫೋನು ಹೋಯಿತು. ಕಾಕ್ಸ್‌ಟೌನಿನಲ್ಲಿ ಯಾರದೋ ಪೆಂಡಾಲು ಬಿಚ್ಚಿಕೊಂಡು ಬರುತ್ತಿದ್ದ ಅವನು, ಮೇಜು ಕುರ್ಚಿ ತುಂಬಿದ ಗೂಡ್ಸ್ ಆಟೋದಲ್ಲೇ, ಹೆಂಡತಿ ಸಾಬಿರಾಳನ್ನೂ ಕೂರಿಸಿಕೊಂಡು ಬಂದಿಳಿದ.

"ಅರೆ ಅಣ್ಣ, ನನ್ನ ಹತ್ರ ಎಲ್ಲಿದೆ? ಅದರಲ್ಲಿ ಅರ್ಧ ನಾನು ಇಟ್ಕೊಂಡೆ, ಸಚ್ ಬಾತ್. ಮೈಕ್ ಸೆಟ್ ರಿಪೇರಿಗೆ ಹೋಯ್ತು. ಉಳಿದ ಅರ್ಧ ಕೊಟ್ಟು ಭಾರ ಇವಳಿಗೆ ದಾಟಿಸ್ಬಿಟ್ಟೆ."

ಎಲ್ಲರೂ ಸಾಬಿರಾಳ ಕಡೆ ತಿರುಗಿದರು. ಸಾಬಿರಾ ಸೆರಗು ಸರಿಮಾಡಿಕೊಂಡು, ಬಹಳ ಸಂಕೋಚದಿಂದ, ಆಂಜನಮ್ಮನ ಕಡೆ ಬೆರಳು ತೋರಿಸಿದಳು.

"ಆಂಜನಕ್ಕ, ಆ ಬಿಂದಿಗೆ ಅದಕ್ಕೇ ಕೊಟ್ಟಿದ್ದು."

ಲಿಂಗರಾಜಪುರದಿಂದ ಹೊರಟ ಭಾರ ಕೆ.ಆರ್. ಪುರಕ್ಕೆ ಹೋಗಿ, ಶಿವಾಜಿನಗರ ಸುತ್ತಿಕೊಂಡು, ಅದೇ ಬೀದಿಗೆ, ಅದೇ ಮನೆಗೆ, ಅದೇ ಅಡಿಗೆಮನೆಗೆ ವಾಪಸು ಬಂದಿತ್ತು. ದಾರಿಯಲ್ಲಿ ಹಣ ಕರಗಿತ್ತು. ಭಾರ ಒಂದು ಗುಲಗಂಜಿಯೂ ಕರಗಿರಲಿಲ್ಲ.

"ಇಂಥದ್ದು ನಮ್ಮ ಕಂಪ್ನೀಲೂ ಆಗ್ಬೋದಾ ಅಂತ ಯೋಚನೆ ಮಾಡ್ತಿದೀನಿ ಸಾರ್," ಎಂದ ಮಧುಕರ್.

"ಯಾರೋ ದೂರದೋರ ಕಾಯಿಲೆ ಅಂದ್ಕೊಂಡಿದ್ದೆ," ಎಂದಳು ಆಂಜನಮ್ಮ. ಅವಳ ಕಣ್ಣು ತುಂಬಿತ್ತು. "ದಿನಾ ಬೆಳಿಗ್ಗೆ ಬಾಗಿಲು ತೆಗೆದ್ರೆ ಕಾಣೋ ಪೀರಮ್ಮ ಅಂತ ಯಾರಿಗೆ ಗೊತ್ತಿತ್ತು?"

ಕೆಂಪರಾಜ್ ತನ್ನದು ಮಾತಿನ ಪ್ರಕಾರ ಸರಿಯೆಂದ. ಅಸ್ಗರ್ ತನ್ನದೂ ಸರಿಯೆಂದ. ಎಲ್ಲರದೂ ಸರಿಯಿತ್ತು. ಪೀರಮ್ಮ ಒಳಗೆ ಮಲಗಿದ್ದಳು. ಆಂಜನಮ್ಮ ಕಣ್ಣೊರಸಿಕೊಂಡು ತಮ್ಮನ ಮುಂದೆ ನಿಂತಳು.

"ನೋಡೋ ಕೆಂಪರಾಜ, ನೀನು ದಾಟಿಸಿದ್ದು ನಿನ್ನ ಅಕ್ಕನ ತಲೆಗೆ. ಬಾಯಿ ಮುಚ್ಕೋ. ರೀ, ನೀವು ಮುಯ್ಯಿ ಅಂತ ತಾನೆ ಶುರು ಮಾಡಿದ್ದು? ಆ ಕಾಯೋದು, ದಾಟಿಸೋದು ಎಲ್ಲಾ ಎಲ್ಲಿಂದ ಬಂತು? ಮುಯ್ಯೀಲಿ ಇವೆಲ್ಲ ಯಾವತ್ತು ಇತ್ತು? ಅಸ್ಗರಣ್ಣ, ಮೇಜು ಇಳಿಸು."

ಮರದ ಕೆಳಗೆ ಮೇಜು ಬಿತ್ತು. ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಮನೆಯಿಂದ ತರಿಸಿದ ಸ್ಟೀಲ್ ಬಿಂದಿಗೆ. ದೊಡ್ಡಮುನಿಯಪ್ಪನವರು ಕುರ್ಚಿಯಲ್ಲಿ ಕೂತರು. ಸುದ್ದಿ ತಲುಪಿ ಬೀದಿಯೇ ಬಂತು. ಹೊಸತೊಡಕಿನ ಸಾರು ಒಲೆಯ ಮೇಲೆ ಬಿಟ್ಟು ಬಂದಿದ್ದರು. ಅಸ್ಗರ್ ಮೈಕು ಜೋಡಿಸಲು ಹೋದಾಗ ಸೆಕ್ಯೂರಿಟಿ ಓಡಿ ಬಂದು, ಆಸ್ಪತ್ರೆ ಮುಂದೆ ಕೂಗುವ ಹಾಗಿಲ್ಲ ಎಂದ. ಹೀಗಾಗಿ ಆ ಕಡೆಯ ಚರಿತ್ರೆಯಲ್ಲಿ ಮೊದಲ ಬಾರಿಗೆ ಪಿಸುಮಾತಿನಲ್ಲಿ ಮುಯ್ಯಿ ಓದಿಸಲಾಯಿತು. "ಸಂಜೀವಪ್ಪನವರು," ಎಂದು ದೊಡ್ಡಮುನಿಯಪ್ಪನವರು ತಮಗೆ ಮಾತ್ರ ಕೇಳುವಷ್ಟು ಮೆತ್ತಗೆ ಹೇಳಿದರು. "ಹಂಸ ಅವರು." ಹಂಸ ಎಷ್ಟು ಹಾಕಿದಳೆಂದು ಶಾಂತಕುಮಾರಿಗೆ ಕೇಳಲಿಲ್ಲ. ಅವಳು ಕೇಳಲೂ ಇಲ್ಲ. ಮಧುಕರ್ ಬಂದು ಹಾಕಿದ. ಅಸ್ಗರ್, ಸಾಬಿರಾ ಹಾಕಿದರು. ಕೊನೆಗೆ ಕೆಂಪರಾಜ್ ಅತ್ತಿತ್ತ ನೋಡಿ, ಕತ್ತಿನ ಚೈನನ್ನು ಒಮ್ಮೆ ಮುಟ್ಟಿಕೊಂಡು, ಜೇಬಿಗೆ ಕೈಹಾಕಿ, ತಾನು ಇಟ್ಟುಕೊಂಡಿದ್ದ ಅರ್ಧದ ಜೊತೆಗೆ ಇನ್ನಷ್ಟು ಸೇರಿಸಿ ಬಿಂದಿಗೆಗೆ ಹಾಕಿದ. ಬಿಂದಿಗೆಯನ್ನು ಹಾಗೇ ಹೊತ್ತುಕೊಂಡು ಹೋಗಿ ದೊಡ್ಡಮುನಿಯಪ್ಪನವರು ಕೌಂಟರಿನ ಮೇಲೆ ಇಟ್ಟರು. ಅಲ್ಲಿ ಕೂತಿದ್ದ ಹುಡುಗಿ ಕಾರ್ಡಾ, ಯುಪಿಐನಾ ಎಂದು ಕೇಳಿದಳು.

ಪೀರಮ್ಮ ಬದುಕಿದಳು. ಮನೆಗೆ ಬಂದು, ಒಂದು ತಿಂಗಳು ಮಲಗಿ, ಮತ್ತೆ ತಳ್ಳುಗಾಡಿ ಎಳೆದಳು. ಬೀದಿ ಸಮಾಧಾನದ ಉಸಿರು ಬಿಟ್ಟಿತು. ಆದರೆ ಪೀರಮ್ಮನಿಗೆ ಸಮಾಧಾನವಿರಲಿಲ್ಲ. ಬೀದಿಯೆಲ್ಲ ತನಗೆ ಓದಿಸಿದೆ, ತೀರಿಸುವುದು ಯಾವಾಗ? ಸಂಜೀವಪ್ಪನವರು ಸೀನಿದರೆ ಅವಳು ಸೆರಗಿನ ಗಂಟು ಹಿಡಿದುಕೊಂಡು ಎದುರುಮನೆಯ ಬಾಗಿಲಲ್ಲಿ ಹಾಜರು. ಹಂಸ ಓಡಿ ಬಂದು ಏದುಸಿರು ಬಿಟ್ಟರೆ ಆಸೆಯಿಂದ ನೋಡುವಳು. "ಒಬ್ರೂ ಬೀಳಲ್ವಲ್ಲ ಸಾರ್," ಎಂದು ಒಂದು ಬೆಳಿಗ್ಗೆ ದೊಡ್ಡಮುನಿಯಪ್ಪನವರ ಹತ್ತಿರ ಬೇಜಾರು ಮಾಡಿಕೊಂಡಳು. "ಮುಯ್ಯಿ ಉಳಿಸ್ಕೊಂಡು ಸಾಯ್ಬಾರ್ದು ಅಂತಾರೆ."

ಇಡ್ಲಿ ತಿನ್ನುತ್ತಿದ್ದ ದೊಡ್ಡಮುನಿಯಪ್ಪನವರಿಗೆ ಚಟ್ನಿಯ ಖಾರ ನೆತ್ತಿಗೇರಿ ಕೆಮ್ಮು ಬಂತು. ಕೈ ತಾನಾಗಿ ಪಂಚೆಯ ಮೇಲೆ ಹೋಯಿತು. ಪೀರಮ್ಮ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು. ನೋವು ಮುಚ್ಚಿಟ್ಟುಕೊಳ್ಳುವುದು ಹೇಗೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಎಷ್ಟು ದಿನದಿಂದ ಸಾರ್?"

ಸುಳ್ಳು ಹೇಳಲು ಅವರು ಬಾಯಿ ತೆರೆದರು. ಯುಗಾದಿಯ ಬೆಳಿಗ್ಗೆ ಅವಳ ಅರಿಶಿನ ಕಣ್ಣು ನೆನಪಾಯಿತು.

"ಆರು ವರ್ಷ ಪೀರಮ್ಮ. ಹರ್ನಿಯಾ. ಭಯ ಆಗುತ್ತೆ."

ಪೀರಮ್ಮ ಇಡ್ಲಿ ಪಾತ್ರೆಯ ಕೆಳಗಿನ ಉರಿ ಆರಿಸಿದಳು. ಸೆರಗಿನ ಗಂಟು ಬಿಚ್ಚುತ್ತಾ, "ಆಂಜನಮ್ಮೋರೆ, ಬಿಂದಿಗೆ ತನ್ನಿ," ಎಂದು ಒಳಗೆ ಕೂಗಿದಳು. ಆಮೇಲೆ ಅವರ ಕಡೆ ತಿರುಗಿದಳು.

"ಯುಗಾದಿ ಕಳೆದು ಎಷ್ಟು ದಿನ ಆಯ್ತು ಸಾರ್. ಇನ್ನೇನು ಕಾಯೋದು? ಎದ್ದೇಳಿ."